ಅಡಕೆ, ಬೆಳೆಸಾಲ ಮತ್ತು ಕಂಪ್ಯೂಟರಿನ ಅಂದಾಜು ಲೆಕ್ಕ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಲೆಕ್ಕವೆಲ್ಲ ಕೈಬರಹದ್ದು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆ ತಂತ್ರಾಂಶ ಹೇಳುವುದು ಆಗಿಹೋದ ಲೆಕ್ಕ. ಯಾರ ಬಾಕಿ ಎಷ್ಟು, ಇವತ್ತಿನ ಶಿಲ್ಕು ಎಷ್ಟು ಅಂತ. ಬರುವ ವಾಯಿದೆಗೆ ಎಷ್ಟು ಜನ ಸಾಲ ಕಟ್ಟಿಯಾರು ಅನ್ನುವುದಕ್ಕೆ ಬೇರೆಯೇ ಲೆಕ್ಕ ಬೇಕು.

ಅದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ. ಲಿಬ್ರೆ ಆಫೀಸ್ ಎಂಬ ಪುಕ್ಕಟೆ ತಂತ್ರಾಂಶದ ಲೆಕ್ಕದ ಹಾಳೆ ಸಾಕು. ಹಾಕುವುದು ಅರ್ಧ ಗಂಟೆಯ ಕೆಲಸ. ಕಷ್ಟ ಇರುವುದು ಆಮೇಲೆ. ಹಳೇ ನುಡಿಯಲ್ಲಿ ಟೈಪು ಮಾಡಿದ ಸದಸ್ಯರ ಹೆಸರುಗಳು ಹೊಸ ಹಾಳೆಯಲ್ಲಿ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರವಾಗಿ ಕಾಣುತ್ತವೆ; ಅವನ್ನು ಮೊದಲು ಯುನಿಕೋಡಿಗೆ ಬದಲಿಸಬೇಕು. ಲೆಡ್ಜರಿನ ಬಾಕಿಗೂ ಹಾಳೆಯ ಬಾಕಿಗೂ ಪೈಸೆ ಪೈಸೆ ತಾಳೆಯಾಗದೆ ಮುಂದೆ ಹೋಗಲೇಬಾರದು.

ಉದಾಹರಣೆಗೆ ಒಂದೆಕರೆ ತೋಟ ಹಿಡಿಯೋಣ. ಎಂಟು ಕ್ವಿಂಟಾಲ್ ರಾಶಿ ಅಡಕೆ, ಕ್ವಿಂಟಾಲಿಗೆ 45,000 ರೂಪಾಯಿ. ಹುಟ್ಟುವಳಿ 3,60,000. ಗೊಬ್ಬರ, ಮದ್ದು, ಕೊನೆ ಕೊಯ್ಲು, ಸುಲಿತ ಎಲ್ಲ ಸೇರಿ ಖರ್ಚು 1,60,000. ಉಳಿದ ಎರಡು ಲಕ್ಷದಲ್ಲಿ ಒಂದೂವರೆ ಲಕ್ಷದ ಸಾಲ ತೀರೀತು. ಕೊಳೆರೋಗ ಬಂದು ಎರಡು ಕ್ವಿಂಟಾಲ್ ಹೋಯ್ತು ಅನ್ನಿ, ಉಳಿಯುವುದು 1,10,000. ಧಾರಣೆಯೂ 35,000ಕ್ಕೆ ಇಳಿದರೆ ಬರೀ ಐವತ್ತು ಸಾವಿರ. ಮನೆ ಖರ್ಚು, ಮಕ್ಕಳ ಫೀಜು ಇನ್ನೂ ತೆಗೆದೇ ಇಲ್ಲ, ಮಾರಾಯ್ರೇ!

ಬೆಳೆ ಕಡಿಮೆಯಾದರೆ ರೇಟು ಏರುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ. ಅಡಕೆಯ ದೊಡ್ಡ ಗಿರಾಕಿ ಉತ್ತರ ಭಾರತದ ಗುಟ್ಕಾ, ಪಾನ್ ಮಸಾಲೆ. ನಮ್ಮ ತೋಟದ ಕೊಳೆ ಅವರಿಗೆ ಗೊತ್ತಾಗಬೇಕೆಂದೇನಿಲ್ಲ. ಆದ್ದರಿಂದ ಹಾಳೆಯಲ್ಲಿ ಬೆಳೆಗೊಂದು ಮನೆ, ಧಾರಣೆಗೊಂದು ಮನೆ ಬೇರೆ ಬೇರೆ ಇಡುತ್ತೇವೆ. ಎಲೆಚುಕ್ಕೆ ರೋಗಕ್ಕೂ ಒಂದು ಮನೆ ಬೇಕು. ಕೊಳೆಯಂತೆ ಅದು ಒಂದೇ ವರ್ಷದ ಲೆಕ್ಕಕ್ಕೆ ಮುಗಿಯುವುದಿಲ್ಲ, ಮರವೇ ಸೊರಗುತ್ತದೆ. ಅಂಕಿ ಬದಲಿಸಿದರೆ ಇಡೀ ಊರಿನ ಲೆಕ್ಕ ಕ್ಷಣದಲ್ಲಿ ಬದಲಾಗುತ್ತದೆ.

ಇದು ಜ್ಯೋತಿಷ್ಯ ಅಲ್ಲ. ಮುಂದಿನ ರೇಟು ಹೇಳುವುದಿಲ್ಲ, ಇಂಥ ರೇಟಾದರೆ ಯಾರಿಗೆ ತೊಂದರೆ ಅಂತ ತೋರಿಸುತ್ತದೆ, ಅಷ್ಟೆ. ಆದರೆ ಅಷ್ಟಕ್ಕೇ ಬೆಲೆ ಇದೆ. 2023ರ ರಾಜ್ಯ ಬಜೆಟ್ಟಿನಲ್ಲಿ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ವಾಯಿದೆ ಮೀರಿದರೆ ಬಡ್ಡಿ ಬೀಳುತ್ತದೆ. ತೊಂದರೆಯಾಗುವ ಮನೆ ಆರು ತಿಂಗಳು ಮೊದಲೇ ಗೊತ್ತಾದರೆ ಕೂತು ಮಾತಾಡಬಹುದು. ಹೆಸರು ಮಾತ್ರ ಆಡಳಿತ ಮಂಡಳಿಯ ಕೋಣೆ ದಾಟಬಾರದು. ಪಾಸ್‌ವರ್ಡ್ ಗೋಡೆಗೆ ಅಂಟಿಸುವ ಪದ್ಧತಿ ನಮಗೆ ಬೇಡ.

ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ. ಯುಪಿಎಸ್ ಬೇಕು, ದಿನಾ ಸಂಜೆ ಒಂದು ಪ್ರತಿ ಬೇರೆ ಡಿಸ್ಕಿನಲ್ಲೂ ಇರಬೇಕು. ನಿಮ್ಮಿಂದ ಬೇಕಾದದ್ದು ಪಹಣಿ, ಹೋದ ವರ್ಷದ ಅಡಕೆ ಮಾರಿದ ಚೀಟಿ, ತೋಟದ ನಿಜವಾದ ಖರ್ಚು. ದಯವಿಟ್ಟು ಫಸಲು ಕಡಿಮೆ ಬರೆಸಬೇಡಿ. ಇದು ತೆರಿಗೆಯ ಲೆಕ್ಕ ಅಲ್ಲ. ಕೊನೆ ಕೊಯ್ಲು ಶುರುವಾಗುವ ಮೊದಲು ಕಚೇರಿಗೆ ತಂದುಕೊಡಿ.