ಉಪವಿಷಯವಾಗಿ ಲಲಿತಕಲೆ

ಭೌತಶಾಸ್ತ್ರವನ್ನೋ ವಾಣಿಜ್ಯವನ್ನೋ ಪ್ರಧಾನವಾಗಿ ಓದುವ ವಿದ್ಯಾರ್ಥಿಯು ಅದರ ಜೊತೆಗೆ ಸಂಗೀತ, ಚಿತ್ರ, ಶಿಲ್ಪ, ನಾಟಕ ಇವುಗಳಲ್ಲೊಂದನ್ನು ಉಪವಿಷಯವಾಗಿ ವ್ಯಾಸಂಗಮಾಡಿದರೆ ಅವನಿಗಾಗುವ ಪ್ರಯೋಜನವೇನೆಂಬುದು ಈ ಹೊತ್ತಿನ ನಮ್ಮ ವಿಚಾರ. ಕಾಲೇಜುಗಳಲ್ಲಿ ಇಂತಹ ವಿಷಯವನ್ನು ಮೈನರ್ ಎಂದು ಕರೆಯುವ ವಾಡಿಕೆಯುಂಟು. ಹೆಸರಿನಲ್ಲಿಯೇ ತುಸು ಅನಾದರವಿದೆ, ಇರಲಿ.

ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ವಜ್ರನೆಂಬ ಅರಸನು ಮಾರ್ಕಂಡೇಯ ಮುನಿಯನ್ನು ಕಂಡು, ಪ್ರತಿಮೆಗಳನ್ನು ಮಾಡುವ ಕ್ರಮವನ್ನು ತನಗೆ ತಿಳಿಸಬೇಕೆಂದು ಬೇಡುತ್ತಾನೆ. ಚಿತ್ರವನ್ನರಿಯದವನಿಗೆ ಪ್ರತಿಮೆಯ ಲಕ್ಷಣ ತಿಳಿಯದೆಂದು ಮುನಿ ಹೇಳುತ್ತಾನೆ. ಹಾಗಾದರೆ ಚಿತ್ರವನ್ನೇ ತಿಳಿಸಿರೆಂದರೆ, ಅದಕ್ಕೆ ನೃತ್ತದ ಪರಿಚಯ ಬೇಕು, ನೃತ್ತಕ್ಕೆ ವಾದ್ಯದ್ದು, ವಾದ್ಯಕ್ಕೆ ಗೀತದ್ದು. ಒಂದನ್ನು ಕೇಳಲು ಬಂದ ಅರಸನ ಹೆಗಲಿಗೆ ನಾಲ್ಕು ವಿದ್ಯೆಗಳು ಬಿದ್ದುವು. ಆತನಿಗೆ ರಾಜ್ಯಭಾರವೇ ಪ್ರಧಾನ ವಿಷಯ, ಶಿಲ್ಪವು ಉಪವಿಷಯ. ಹಾಗೆಂದು ಮುನಿಯು ಅದನ್ನು ಹಗುರಮಾಡಿ ಹೇಳಲಿಲ್ಲವೆಂಬುದನ್ನು ನಾವು ಗಮನಿಸತಕ್ಕದ್ದು.

ಈಚಿನ ಕಾಲದಲ್ಲಿ ವಿದ್ಯಾರ್ಥಿಯು ತನ್ನ ವಿಷಯಗಳನ್ನು ತಾನೇ ಆರಿಸಿಕೊಳ್ಳುವ ಪದ್ಧತಿಗೆ ಬಲ ಬಂದದ್ದು ಅಮೆರಿಕದಲ್ಲಿ. ಚಾರ್ಲ್ಸ್ ಎಲಿಯಟ್ ಎಂಬವರು 1869ರಿಂದ 1909ರವರೆಗೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದು ಇದನ್ನು ಬೆಳೆಸಿದರು. ಅಲ್ಲಿಯೇ ಚಾರ್ಲ್ಸ್ ನಾರ್ಟನ್ ಎಂಬ ಪಂಡಿತರು 1875ರಿಂದ 1898ರವರೆಗೆ ಕಲೆಯ ಚರಿತ್ರೆಯನ್ನು ಬೋಧಿಸಿದರು. ಅದು ಕೇಳುವ ಪಾಠ. ನಮ್ಮ ದೇಶದಲ್ಲಿ 1919ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಕಲಾಭವನವನ್ನು ತೆರೆದಾಗ ಕೈಯಿಂದ ಮಾಡುವ ಪಾಠಕ್ಕೆ ಮೊದಲ ಸ್ಥಾನ ದೊರೆಯಿತು. ಕೇಳಿ ತಿಳಿಯುವುದು ಸಾಕೇ, ಮಾಡಿ ತಿಳಿಯಬೇಕೇ ಎಂಬ ವಿವಾದವು ಇಂದಿಗೂ ತೀರಿಲ್ಲ.

ನಾವು ಎರಡನೆಯ ಪಕ್ಷದವರು. ಅದಕ್ಕೆ ಮೃದಂಗವೇ ಸಾಕ್ಷಿ. ಬಿಗಿದ ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವುಳ್ಳ ಉಪಸ್ವರಗಳು ಹುಟ್ಟುತ್ತವೆ. ಆದುದರಿಂದಲೇ ವೀಣೆಯ ನಾದವು ಕಿವಿಗೆ ಹಿತ. ದುಂಡಾಗಿ ಬಿಗಿದ ಚರ್ಮದ ಸ್ವಭಾವ ಬೇರೆ. ಅದರ ಉಪಸ್ವರಗಳು ಮೂಲದ 1.59ರಷ್ಟು, 2.14ರಷ್ಟು, 2.30ರಷ್ಟು ಹೀಗೆ ಹೊಂದಿಕೆಯಿಲ್ಲದೆ ಬರುತ್ತವೆ. ಸಾಮಾನ್ಯವಾದ ತಮಟೆಗೆ ಸದ್ದುಂಟು, ಸ್ಪಷ್ಟವಾದ ಶ್ರುತಿಯಿಲ್ಲ. ನಮ್ಮ ಮೃದಂಗವನ್ನು ಮಾಡುವ ಕುಶಲಿಯು ಕರಿಯ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಬಲಮುಖದ ನಡುವೆ ಪದರ ಪದರವಾಗಿ ಹಚ್ಚಿ, ಪ್ರತಿಯೊಂದು ಪದರವನ್ನೂ ಉಜ್ಜಿ ಒಣಗಿಸುತ್ತಾನೆ. ಅದೇ ಕರಣೆ. ಆ ಭಾರದಿಂದ ಚರ್ಮದ ಕಂಪನಗಳು ಹಾದಿಗೆ ಬರುತ್ತವೆ. ಮೊದಲ ಒಂಬತ್ತು ಬಗೆಯ ಕಂಪನಗಳು ಐದು ಹೊಂದಿಕೆಯ ಸ್ವರಗಳಲ್ಲಿ ಸೇರಿಹೋಗುತ್ತವೆಂದು ತೋರಿಸಿಕೊಟ್ಟವರು ಸರ್ ಚಂದ್ರಶೇಖರ ವೆಂಕಟರಾಮನ್ನರು. ಅವರು 1920ರಲ್ಲಿ ಶಿವಕಾಲಿ ಕುಮಾರರೊಡನೆ ಈ ವಿಷಯವನ್ನು ಪ್ರಕಟಿಸಿ, ಬೆಂಗಳೂರಿಗೆ ಬಂದಮೇಲೆ 1934ರಲ್ಲಿ ಅದನ್ನು ವಿಸ್ತರಿಸಿ ಬರೆದರು.

ಇಲ್ಲಿ ನಾವು ಕೇಳಬೇಕಾದುದಿಷ್ಟೆ. ಗಣಿತವನ್ನು ಬಲ್ಲವರು ಆ ಕಾಲದಲ್ಲಿ ಎಷ್ಟೋ ಮಂದಿಯಿದ್ದರು. ಮೃದಂಗದ ವಿದ್ವಾಂಸರೂ ಇದ್ದರು. ಮೊದಲಿನವರಿಗೆ ಪ್ರಶ್ನೆಯೇ ಏಳಲಿಲ್ಲ, ಎರಡನೆಯವರಿಗೆ ಉತ್ತರ ಬೇಕಿರಲಿಲ್ಲ. ರಾಮನ್ನರಿಗೆ ಗಣಿತವೂ ಇತ್ತು, ಕಿವಿಯೂ ಇತ್ತು. ಉಪವಿಷಯವೆಂದರೆ ನಮ್ಮ ಮನಸ್ಸಿನಲ್ಲಿರುವುದು ಆ ಕಿವಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಗಳು ಮನಶ್ಶಾಸ್ತ್ರದ ಪ್ರಾಧ್ಯಾಪಕರು, ನಾಟಕದಲ್ಲಿ ಆಸಕ್ತರು. ಅವರನ್ನೂ ಇಲ್ಲಿ ನೆನೆಯದಿರಲಾರೆವು.

ಭೂಗರ್ಭಶಾಸ್ತ್ರದ ವಿದ್ಯಾರ್ಥಿಗೆ ಬೇಲೂರು ಹಳೇಬೀಡುಗಳು ಇಂತಹವೇ. ಅಲ್ಲಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಯ ಸೋಂಕಿನಿಂದ ಬರಬರುತ್ತ ಗಡುಸಾಗುತ್ತದೆಂದು ಪುಸ್ತಕ ಹೇಳುತ್ತದೆ. ಉಳಿಯನ್ನು ಒಂದು ವಾರ ಹಿಡಿದವನಿಗೆ ಆ ವಾಕ್ಯದ ಅರ್ಥವಾಗುವ ಬಗೆಯೇ ಬೇರೆ. ದಾಸೋಜ, ಮಲ್ಲಿತಮ್ಮ ಮೊದಲಾದವರು ತಮ್ಮ ವಿಗ್ರಹಗಳ ಪೀಠದಲ್ಲಿ ಹೆಸರು ಕೊರೆದುದೂ ಆಗ ಸುಮ್ಮನೆ ಓದಿ ಬಿಡುವ ಸಂಗತಿಯಾಗಿ ಉಳಿಯದು.

ಆಕ್ಷೇಪಗಳು ಎರಡು ಕಡೆಯಿಂದ ಬರುತ್ತವೆ. ಮನೆಯ ಹಿರಿಯರು ಇದರಿಂದ ಸಂಬಳ ಹೆಚ್ಚುವುದೇ ಎಂದು ಕೇಳುತ್ತಾರೆ. ಸಾಲಮಾಡಿ ಮಗಳನ್ನು ಓದಿಸುವವರ ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು. ಹೆಚ್ಚುವುದೆಂದು ಭರವಸೆ ಕೊಡಲೂ ಆರೆವು. ವಿದ್ವಾಂಸರ ಆಕ್ಷೇಪವು ಇನ್ನೂ ತೀಕ್ಷ್ಣ: ವಾರಕ್ಕೆ ಮೂರು ಗಂಟೆಯಲ್ಲಿ ಯಾವ ಸಂಗೀತ ಬಂದೀತು? ವಿದ್ವತ್ತು ಬಾರದು, ನಿಜ. ತಂಬೂರಿಯನ್ನು ಶ್ರುತಿಗೆ ತರುವುದು, ಷಡ್ಜದಲ್ಲಿ ನಿಲ್ಲುವುದು, ತಾಳ ತಪ್ಪಿದರೆ ತಿಳಿಯುವುದು, ಇವಿಷ್ಟು ಎರಡು ವರ್ಷದಲ್ಲಿ ಬರುತ್ತವೆ. ಅದೇನೂ ಅಲ್ಪವಲ್ಲ.

ನಮಗೆ ನಿಜವಾದ ಭಯವಿರುವುದು ಬೇರೊಂದೆಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ಕರ್ನಾಟಕದಲ್ಲಿ 2021-22ರಿಂದ ಅನ್ಯವಿಭಾಗದ ವಿಷಯಗಳನ್ನು ಮುಕ್ತವಾಗಿ ಆರಿಸಿಕೊಳ್ಳುವ ಏರ್ಪಾಟು ಬಂದಿತು. 2024ರಲ್ಲಿ ಸರ್ಕಾರವು ಆ ಕ್ರಮವನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನಿಯಮಗಳು ಬರುತ್ತವೆ, ಹೋಗುತ್ತವೆ. ಯಾವ ನಿಯಮದಲ್ಲಾದರೂ ಕಲೆಯು ಟಿಪ್ಪಣಿಯಾಗಿ ಇಳಿದು, ರಾಗಗಳ ಪಟ್ಟಿಯನ್ನು ಬಾಯಿಪಾಠಮಾಡಿ ಅಂಕ ಗಳಿಸುವ ಸುಲಭೋಪಾಯವಾದರೆ ಅದಿಲ್ಲದಿರುವುದೇ ಲೇಸು. ಕಲಿಸುವವರ ಸ್ಥಿತಿಯೂ ವಿಚಾರಾರ್ಹ. ನಲವತ್ತು ವರ್ಷ ನುಡಿಸಿದ ವಿದ್ವಾಂಸರಿಗೆ ಪದವಿಪತ್ರವಿಲ್ಲವೆಂದು ಗಂಟೆಯ ಲೆಕ್ಕದ ಕೂಲಿ ಕೊಟ್ಟರೆ, ವಿದ್ಯಾರ್ಥಿಯು ಆ ವಿಷಯಕ್ಕೆ ಕೊಡುವ ಬೆಲೆಯೂ ಅಷ್ಟೇ ಆಗುವುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಪದವಿಯಿಲ್ಲದ ಅನುಭವಿಗಳನ್ನೂ ಪ್ರಾಧ್ಯಾಪಕರೆಂದು ಕರೆಯಲು ಅವಕಾಶವಿತ್ತಿದೆ. ಕಾಲೇಜುಗಳು ಅದನ್ನು ಬಳಸಿಕೊಳ್ಳಲಿ.

ಪರೀಕ್ಷೆಯ ವಿಷಯದಲ್ಲಿ ನಮ್ಮದೊಂದು ಸೂಚನೆಯುಂಟು. ಭೌತಶಾಸ್ತ್ರದ ವಿದ್ಯಾರ್ಥಿಯ ಕೈಗೆ ಶ್ರುತಿ ಕೆಟ್ಟ ಮೃದಂಗವನ್ನು ಕೊಡಲಿ. ಅವನು ಅಂಚನ್ನು ತಟ್ಟಿ ತಟ್ಟಿ ಸುತ್ತಲೂ ಒಂದೇ ಸ್ವರಕ್ಕೆ ತಂದು, ತಾನು ಮಾಡಿದುದೇನೆಂಬುದನ್ನು ತನ್ನ ಶಾಸ್ತ್ರದ ಮಾತಿನಲ್ಲಿ ವಿವರಿಸಲಿ. ಕೇಳಲು ಇಬ್ಬರು ಪರೀಕ್ಷಕರಿರಲಿ, ಒಬ್ಬರು ಭೌತಶಾಸ್ತ್ರದವರು, ಇನ್ನೊಬ್ಬರು ಮೃದಂಗದವರು. ಅರ್ಧ ಗಂಟೆ ಸಾಕು.