ಡ್ರೈವರ್ ಅಪ್‌ಡೇಟ್ ನಂತರ ವಿಡಿಯೋ ಕೈಕೊಟ್ಟರೆ: ಫಾರ್ಮ್ಯಾಟ್ ಬೇಡ, ಮೊದಲು ಇಷ್ಟು ನೋಡಿ

ಅಂಕೋಲಾದಿಂದ ಮಾತಾಡ್ತಾ ಇದ್ದೇನೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ವಿಡಿಯೋ ಸರಿಯಾಗಿ ಓಡದಿದ್ದರೆ ಏನು ಮಾಡಬೇಕು? ಇವತ್ತು ಅದನ್ನೇ ನೋಡೋಣ.

ಮೊದಲು ಅದೇ ಫೈಲನ್ನು ಫೋನಿನಲ್ಲಿ ಹಾಕಿ ನೋಡಿ. ಅಲ್ಲಿ ಓಡಿದರೆ ಫೈಲ್ ಸರಿ ಇದೆ ಅಂತಾಯ್ತು. ಆಮೇಲೆ ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ. ಆಗ ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಪ್ರೊಸೆಸರ್ ಮಾಡ್ತದೆ. ಚಿತ್ರ ಸರಿಹೋದರೆ ತೊಂದರೆ ಡ್ರೈವರ್ ಕಡೆಗಿದೆ.

ಕಾರಣ ಸರಳ. ಡ್ರೈವರಿಗೆ ಎರಡು ಭಾಗ. ಒಂದು ಕರ್ನಲ್ ಒಳಗೆ ಕೂತಿರ್ತದೆ, ಇನ್ನೊಂದು ಡಿಸ್ಕಿನಲ್ಲಿರುವ ಲೈಬ್ರರಿ. ಎನ್ವಿಡಿಯಾ ಡ್ರೈವರಿನಲ್ಲಿ ಎರಡರ ಆವೃತ್ತಿಯೂ ಒಂದೇ ಇರಬೇಕು. ಅಪ್‌ಡೇಟ್ ಆದ ತಕ್ಷಣ ಲೈಬ್ರರಿ ಹೊಸದಾಗ್ತದೆ, ಕರ್ನಲಿನಲ್ಲಿ ಹಳೆಯದೇ ಓಡ್ತಾ ಇರ್ತದೆ. ಹಾಗಾಗಿ ಮೊದಲ ಮದ್ದು ರೀಸ್ಟಾರ್ಟ್.

ಅದರಿಂದಲೂ ಆಗದಿದ್ದರೆ, ಹೊಸ ಕರ್ನಲಿಗೆ ಡ್ರೈವರ್ ತಯಾರಾಗಿಲ್ಲದಿರಬಹುದು. ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನು ತೆರೆದು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ. ಸೆಕ್ಯೂರ್ ಬೂಟ್ ಆನ್ ಇದ್ದರೂ, ಸಹಿ ಇಲ್ಲದ ಡ್ರೈವರ್ ಒಳಗೆ ಹೋಗುವುದಿಲ್ಲ. ಅದನ್ನೂ ನೋಡಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣ ಉಂಟು. ಮಳೆಗಾಲದ ಕರೆಂಟು. ಪರಿಚಯದ ವಿಡಿಯೋಗ್ರಾಫರ್ ಒಬ್ಬರ ಉಬುಂಟು ಕಂಪ್ಯೂಟರ್ ಅಪ್‌ಡೇಟ್ ಆಗ್ತಿದ್ದಾಗಲೇ ಕರೆಂಟ್ ಹೋಯ್ತು. ಆಮೇಲೆ ಶಬ್ದ ಸರಿ, ಚಿತ್ರ ಮಾತ್ರ ಮುಗ್ಗರಿಸ್ತಿತ್ತು. "ಫಾರ್ಮ್ಯಾಟ್ ಮಾಡದೆ ಆಗೂದಿಲ್ಲ ಅಂದ್ರು ಮಾರಾಯ್ರೇ" ಅಂತ ಬಂದರು. ಆ ಡಿಸ್ಕಿನಲ್ಲಿ ಹಲವು ವರ್ಷಗಳ ಯಕ್ಷಗಾನ ಆಟಗಳು ಇದ್ದವು. ಕೆಲವು ಕಲಾವಿದರು ಈಗ ನಮ್ಮೊಂದಿಗಿಲ್ಲ. ಬೇರೆ ಪ್ರತಿಯೂ ಇರಲಿಲ್ಲ.

ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆವು. ನಂತರ ಟರ್ಮಿನಲ್‌ನಲ್ಲಿ ಒಂದೇ ಸಾಲು: ಸುಡೋ, ಡಿಪಿಕೆಜಿ, ಎರಡು ಅಡ್ಡಗೆರೆ ಕಾನ್ಫಿಗರ್, ಒಂದು ಅಡ್ಡಗೆರೆ ಎ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಇದು ಪೂರ್ತಿ ಮಾಡ್ತದೆ. ರೀಸ್ಟಾರ್ಟ್ ಆದ ಮೇಲೆ ಚಿತ್ರ ಸರಾಗವಾಗಿ ಓಡಿತು.

ಡ್ರೈವರ್ ಕೆಟ್ಟರೆ ಮತ್ತೆ ಹಾಕಬಹುದು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗ್ತದೆ. ನಿಮ್ಮ ವಿಡಿಯೋ ಎಲ್ಲಿಯೂ ಸಿಗುವುದಿಲ್ಲ. ಅದಕ್ಕೇ ಅಪ್‌ಡೇಟ್ ಬಟನ್ ಒತ್ತುವ ಮೊದಲು ಒಂದು ಪ್ರತಿ ತೆಗೆದಿಡಿ, ಯುಪಿಎಸ್ ಚಾರ್ಜ್ ಇದೆಯಾ ನೋಡಿ. ನಾಳೆ ಕೆಲಸ ಕೊಡಬೇಕು ಅಂತಿದ್ದರೆ, ಇವತ್ತು ಅಪ್‌ಡೇಟ್ ಬೇಡ. ಮುಂದಿನ ಸಂಚಿಕೆಯಲ್ಲಿ ಸಿಗೋಣ.