ಕುಕ್ಕರಗಾಲಲ್ಲಿ ಕೂರಬಲ್ಲ ಕಾಲು

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಜೇಮ್ಸ್ ಹ್ಯಾಂಗರ್ ಎಂಬ ತರುಣ ಸೈನಿಕನ ಕಾಲನ್ನು ಫಿರಂಗಿ ಗುಂಡು ಬಲಿ ತೆಗೆದುಕೊಂಡಿತು. ಅವನಿಗೆ ಸಿಕ್ಕಿದ್ದು ಬರೀ ಮರದ ಕೊರಡು. ಹುಡುಗ ಪೀಪಾಯಿಯ ಹಲಗೆ ಕೆತ್ತಿ, ಮಂಡಿ ಮಡಚುವ ಕಾಲನ್ನು ತಾನೇ ಮಾಡಿಕೊಂಡ. 1913ರಲ್ಲಿ ಇಂಗ್ಲೆಂಡಿನ ವಿಮಾನ ಚಾಲಕ ಮಾರ್ಸೆಲ್ ಡಿಸೂಟರ್ ಅಪಘಾತದಲ್ಲಿ ಕಾಲು ಕಳೆದುಕೊಂಡಾಗ, ಸಹೋದರ ಚಾರ್ಲ್ಸ್ ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಹಗುರಾದ ಕಾಲು ಮಾಡಿಕೊಟ್ಟ.

ಇವೆಲ್ಲ ಕುರ್ಚಿಯಲ್ಲಿ ಕೂತು, ಬೂಟು ಹಾಕಿ ಓಡಾಡುವವರ ಕಾಲುಗಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಬರಿಗಾಲಲ್ಲಿ ಗದ್ದೆಗಿಳಿಯುವ ರೈತ ಅವನ್ನು ಕಟ್ಟಿಕೊಂಡು ಏನು ಮಾಡಬೇಕು?

ಉತ್ತರ ಹುಟ್ಟಿದ್ದು 1968ರಲ್ಲಿ, ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ. ಕುಶಲಕರ್ಮಿ ರಾಮಚಂದ್ರ ಶರ್ಮ ಹೆಚ್ಚು ಓದಿದವರಲ್ಲ. ಮೂಳೆ ವೈದ್ಯ ಪಿ.ಕೆ. ಸೇಠಿ ವಿದೇಶದಲ್ಲಿ ಓದಿ ಬಂದವರು. ಇಬ್ಬರೂ ಸೇರಿ ರಬ್ಬರ್ ಪಾದ ಮಾಡಿದರು. ಹಿಮ್ಮಡಿಗೂ ಮುಂಗಾಲಿಗೂ ಸ್ಪಂಜಿನಂಥ ರಬ್ಬರ್, ಮೇಲೆ ಕಾಲಿಗೆ ಕೂಡಿಸಲು ಮರದ ತುಂಡು. ಟೈರಿನೊಳಗಿನ ನೂಲಿನ ಪದರದಿಂದ ಬಿಗಿದು, ಮೈಬಣ್ಣದ ರಬ್ಬರ್ ಹೊದಿಸಿ, ಅಚ್ಚಿನಲ್ಲಿಟ್ಟು ಬೇಯಿಸಿದರೆ ಪಾದ ಸಿದ್ಧ. ಅದು ಎಲ್ಲ ದಿಕ್ಕಿಗೂ ಬಾಗುತ್ತದೆ. ನೀರಿಗೆ, ಕೆಸರಿಗೆ ಅಂಜುವುದಿಲ್ಲ. ಬೆರಳುಗಳೂ ಇವೆ, ಬೂಟು ಬೇಡ! ನರ್ತಕಿ ಸುಧಾ ಚಂದ್ರನ್ ಮತ್ತೆ ರಂಗವೇರಿದ್ದು ಇದನ್ನೇ ತೊಟ್ಟು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಮಾತ್ರ ಅಷ್ಟಾಗಿ ಹಬ್ಬಲಿಲ್ಲ, ಅದು ನ್ಯಾಯವಲ್ಲ.

ಅತ್ತ ಅಮೆರಿಕದಲ್ಲಿ, 1976ರಲ್ಲಿ ಕಾಲು ಕಳೆದುಕೊಂಡ ವ್ಯಾನ್ ಫಿಲಿಪ್ಸ್ ಬೇರೆ ದಾರಿ ಹಿಡಿದ. ಪಾದದ ಆಕಾರದ ಗೊಡವೆಯನ್ನೇ ಬಿಟ್ಟು ಕಾರ್ಬನ್ ಫೈಬರಿನ ಬಾಗಿದ ಪಟ್ಟಿ ಮಾಡಿದ. ಮೈಭಾರ ಬಿದ್ದಾಗ ಅದು ಬಾಗುತ್ತದೆ, ಹೆಜ್ಜೆ ಎತ್ತುವಾಗ ಚಿಮ್ಮುತ್ತದೆ. ಓಟಗಾರರ ಬ್ಲೇಡು ಇದರದೇ ಸಂತಾನ. 1997ರಲ್ಲಿ ಜರ್ಮನಿಯ ಒಟ್ಟೊಬಾಕ್ ಕಂಪನಿ ಮಂಡಿಯೊಳಗೇ ಮೈಕ್ರೋಪ್ರೊಸೆಸರ್ ಇಟ್ಟಿತು. ನಡಿಗೆಯ ವೇಗ ನೋಡಿ ಮಂಡಿಯ ಬಿಗುವನ್ನು ಅದೇ ಹೊಂದಿಸುತ್ತದೆ.

ಗಟ್ಟಿತನದ ಪರೀಕ್ಷೆಯೂ ಕಠಿಣವೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಯಂತ್ರವೊಂದು ಕೃತಕ ಕಾಲಿನ ಮೇಲೆ ನಡಿಗೆಯ ಭಾರವನ್ನು 30 ಲಕ್ಷ ಬಾರಿ ಹೇರುತ್ತದೆ.

ಆದರೆ ಕಾಲು ಎಷ್ಟೇ ಗಟ್ಟಿಯಿರಲಿ, ಮೊಂಡುಗಾಲನ್ನು ಹಿಡಿದಿಡುವ ಸಾಕೆಟ್ ಸರಿಯಾಗಿ ಕೂರದಿದ್ದರೆ ನಡೆಯಲಾಗದು. ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಮೊಂಡುಗಾಲು ಸಣ್ಣಗಾಗುತ್ತಾ ಹೋಗುವುದು ಸಹಜ; ಆಗ ಸಾಕೆಟ್ ಸಡಿಲವಾಗುತ್ತದೆ. ಚರ್ಮ ಕೆಂಪಾದರೆ, ಉಜ್ಜಿ ಗಾಯವಾದರೆ ನೋವು ನುಂಗಿಕೊಂಡು ನಡೆಯಬೇಡಿ; ಕಾಲು ಕೊಟ್ಟ ಕೇಂದ್ರಕ್ಕೇ ಹೋಗಿ ಸಾಕೆಟ್ ಸರಿಮಾಡಿಸಿಕೊಳ್ಳಿ.